ನೌಕಾಪಡೆಯವರು ಸಾವಿನ ಬಾಯಿಂದ ಪಾರಾಗಿ ಬಂದ ಘಟನೆ ಯಾವುದಾದರೂ ಇದೆಯೇ?

ನನಗೆ ಮೊದಲು ನೆನಪಾಗುವುದು ಕಮಾಂಡರ್ ಅಭಿಲಾಷ್ ಟೋಮಿ. 2018ರಲ್ಲಿ ಗೋಲ್ಡನ್ ಗ್ಲೋಬ್ ರೇಸಿಗೆ ಹೋಗಿದ್ದರು. ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಬೇಕು, ಅದೂ ಜಿಪಿಎಸ್ ಇಲ್ಲದೆ, ನಕ್ಷತ್ರ ನೋಡಿಕೊಂಡು!

ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಭಾರಿ ಬಿರುಗಾಳಿ ಸಿಕ್ಕಿತು. 'ತುರೀಯ' ದೋಣಿ ಮಗುಚಿ, ಹಾಯಿಕಂಬ ಮುರಿಯಿತು. ಅಭಿಲಾಷ್ ಬೆನ್ನುಮೂಳೆಗೂ ಜೋರು ಪೆಟ್ಟು. ದೋಣಿ ಮತ್ತೆ ನೆಟ್ಟಗಾಯಿತು, ಆದರೆ ಇವರಿಗೆ ಏಳಲು ಆಗಲಿಲ್ಲ. ಕಾಲ್ಬೆರಳು ಆಡುತ್ತಿವೆ, ಏನೂ ತಿನ್ನಲು ಕುಡಿಯಲು ಆಗುತ್ತಿಲ್ಲ ಅಂತ ಮಲಗಿದಲ್ಲಿಂದಲೇ ಸಂದೇಶ ಕಳಿಸಿದರು. ಆಸ್ಟ್ರೇಲಿಯಾದ ಪರ್ತ್ ಅಲ್ಲಿಂದ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ.

ಮಾರಿಷಸ್‌ನಿಂದ ಹಾರಿದ ನಮ್ಮ ನೌಕಾಪಡೆಯ ಪಿ-8ಐ ವಿಮಾನ ದೋಣಿಯನ್ನು ಪತ್ತೆ ಮಾಡಿತು. ಆದರೆ ವಿಮಾನದಿಂದ ಎತ್ತಿಕೊಳ್ಳಲು ಆಗಲ್ವಲ್ಲ. 24ರಂದು ಫ್ರಾನ್ಸಿನ 'ಒಸಿರಿಸ್' ಹಡಗು ಬಂತು. ಅದರವರು ಸಣ್ಣ ಬೋಟಿನಲ್ಲಿ ಹೋಗಿ ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದರು. ಐರ್ಲೆಂಡಿನ ಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್ ಕೂಡ ತಮ್ಮದೇ ಕಂಬ ಮುರಿದಿದ್ದರೂ ಇವರತ್ತ ಹೊರಟಿದ್ದರು. ಸಮುದ್ರದವರ ಜಾತಿಯೇ ಬೇರೆ ಬಿಡಿ.

ಬೆನ್ನಿಗೆ ಟೈಟಾನಿಯಂ ಸರಳು ಹಾಕಿಸಿಕೊಂಡ ಈ ಮನುಷ್ಯ ಸುಮ್ನೆ ಕೂರಲಿಲ್ಲ. ನೌಕಾಪಡೆಯಿಂದ ನಿವೃತ್ತರಾದ ಮೇಲೆ ಅದೇ ರೇಸಿಗೆ ಮತ್ತೆ ಹೋದರು. 2023ರಲ್ಲಿ ಎರಡನೆಯವರಾಗಿ ಮುಗಿಸಿದರು.