ಸಪ್ಪಳಕ್ಕೆಂದು ಹಚ್ಚಿದ ಟಿವಿ

ಫೆಬ್ರವರಿ ಕೊನೆಯ ವಾರ ಒಬ್ಬ ತಾಯಿ ಎರಡು ವರ್ಷ ಒಂಬತ್ತು ತಿಂಗಳ ಮಗನನ್ನು ಎತ್ತಿಕೊಂಡು ಸಲಹೆಗೆಂದು ನನ್ನ ಬಳಿ ಬಂದರು. ಕಲಬುರಗಿಯವರೇ. ಖಾಸಗಿ ಶಾಲೆಯಲ್ಲಿ ಟೀಚರ್, ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಸರು ಹೇಳುವುದಿಲ್ಲ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

"ಮೇಡಂ, ಇವನಿಗೆ ಮಾತೇ ಬರವಲ್ದು. ಹತ್ತು ಶಬ್ದನೂ ಅನ್ನಂಗಿಲ್ಲ. ಎಲ್ಲಾ ಆ ಟಿವಿಯಿಂದನೇ ಆಗ್ಯದ. ನಮ್ಮ ಮಾವನವ್ರು ಬೆಳಿಗ್ಗೆ ಐದಕ್ಕ ಹಚ್ಚಿದ್ರ, ಬಂದ್ ಆಗೋದು ರಾತ್ರಿ ಹನ್ನೊಂದಕ್ಕ."

ಮಾವನ ಮೇಲೆ ಸಿಟ್ಟಿತ್ತು. ಮಗನ ಬಗ್ಗೆ ಇದ್ದ ಭಯ ಅದಕ್ಕಿಂತ ಜಾಸ್ತಿ ಇತ್ತು.

ಎರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಸಾಮಾನ್ಯವಾಗಿ ಎರಡೆರಡು ಶಬ್ದ ಜೋಡಿಸುತ್ತಾರೆ. 'ಅವ್ವ ಬಾ', 'ಹಾಲು ಕೊಡು' ಅಂತ. ಅದು ಆಗದಿದ್ದರೆ 'ತಡವಾಗಿ ಬರ್ತದ ಬಿಡ್ರಿ' ಎಂದು ಕಾಯಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮಾತಿನ ತಜ್ಞರಿಗೆ ತೋರಿಸಿ ಎಂದೆ. ತೋರಿಸಿದರು. ಕಿವಿ ಸರಿ ಇತ್ತು. ತಜ್ಞರು ಮನೆಯಲ್ಲಿ ಮಾಡಿಸಲು ಅಭ್ಯಾಸಗಳನ್ನು ಹೇಳಿಕೊಟ್ಟು, ವಾರಕ್ಕೊಮ್ಮೆ ಬರಲು ತಿಳಿಸಿದರು.

ಮಾತು ತಡವಾಗಲು ಕಾರಣ ಹಲವು. ಟಿವಿ ಒಂದನ್ನೇ ದೂರುವುದು ಸರಿಯಲ್ಲ. ಆದರೆ ಯಾರೂ ನೋಡದೆ ಸುಮ್ನೆ ಓಡುತ್ತಿರುವ ಟಿವಿಯೂ ದೊಡ್ಡವರು ಮಗುವಿನ ಜೊತೆ ಆಡುವ ಮಾತನ್ನು ಕಡಿಮೆ ಮಾಡುತ್ತದೆ. ಮಗು ಮಾತು ಕಲಿಯುವುದು ತನ್ನ ಮುಖ ನೋಡಿ ಉತ್ತರ ಕೊಡುವವರಿಂದ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಎರಡು ವರ್ಷದ ಒಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಇನ್ನೂ ಕಡಿಮೆ ಆದರೆ ಒಳ್ಳೆಯದು.

ಇಷ್ಟನ್ನು ಹೇಳಿ, ಇವತ್ತಿನಿಂದಲೇ ಟಿವಿ ಪೂರ್ತಿ ಬಂದ್ ಮಾಡಿ ಎಂದುಬಿಟ್ಟೆ. ಅಲ್ಲಿ ನಾನು ತಪ್ಪಿದೆ. ಟಿವಿ ಹಚ್ಚುವವರನ್ನು ನಾನು ಕಂಡೇ ಇರಲಿಲ್ಲ. ಸೊಸೆ ರಿಮೋಟ್ ಎತ್ತಿಟ್ಟರು. ನಾಲ್ಕನೇ ದಿನ ಮಾವ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಆಳಂದ ಕಡೆಯ ತಮ್ಮ ಹಳ್ಳಿಗೆ ಹೊರಟುಹೋದರು. ಯಾರಿಗೂ ಒಂದು ಮಾತು ಹೇಳಲಿಲ್ಲ.

ಮಗ ಹೋಗಿ ಕರೆತಂದ. ಮಾರ್ಚ್ ಮಧ್ಯದಲ್ಲಿ ಹಿರಿಯರು ನನ್ನೆದುರು ಕೂತರು. ಕಣ್ಣು ಬಾಗಿಲ ಕಡೆಗೇ. ಬೈಸಿಕೊಳ್ಳಲು ಬಂದವರ ಹಾಗೆ ಇದ್ದರು. ನಾನು ಟಿವಿ ಬಿಡಿ ಎನ್ನಲಿಲ್ಲ. "ಕಾಕಾ, ಯಾವ ಸೀರಿಯಲ್ ನಿಮಗ ಛಲೋ ಅನಸ್ತದ?" ಎಂದು ಕೇಳಿದೆ.

ಅವರಿಗೆ ಒಂದು ಸೀರಿಯಲ್‌ನ ಹೆಸರೂ ಬರಲಿಲ್ಲ. ದಿನಕ್ಕೆ ಹದಿನೆಂಟು ತಾಸು ಟಿವಿ ಹಚ್ಚುವ ಮನುಷ್ಯರು!

ಆಮೇಲೆ ನಿಧಾನಕ್ಕೆ ಹೇಳಿದರು. ದಾಲ್ ಮಿಲ್‌ನಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದವರು. ದಿನವಿಡೀ ಮಷಿನ್ನಿನ ಗದ್ದಲ, ಮನೆಗೆ ಬಂದರೆ ಹೆಂಡತಿಯ ಮಾತು. ಮಿಲ್ ಬಿಟ್ಟ ವರ್ಷವೇ ಹೆಂಡತಿ ತೀರಿಕೊಂಡರು. ಎರಡು ವರ್ಷವಾಯಿತು. "ಆಕಿ ಒಲಿ ಮುಂದ ಕುಂತು ಏನರೆ ಒಂದು ಅಂತನೇ ಇರ್ತಿದ್ಳು. ಈಗ ಮನ್ಯಾಗ ಸಪ್ಪಳ ಇಲ್ಲಂದ್ರ ಎದಿ ಧಸಕ್ಕಂತದ ಯವ್ವ."

ಸೊಸೆ ಅಲ್ಲೇ ಇದ್ದರು. ಈ ಮಾತನ್ನು ಅವರು ಮೊದಲ ಸಲ ಕೇಳುತ್ತಿದ್ದರು. ನಾನೂ ಅಷ್ಟೇ.

ಇಂಥ ಹಿರಿಯರಲ್ಲಿ ನಿದ್ದೆ, ಹಸಿವು, ಬದುಕುವ ಆಸೆ ಕುಗ್ಗಿದೆಯೇ ಎಂದು ತಪ್ಪದೆ ಕೇಳಬೇಕು. ಇವರಿಗೆ ಅಷ್ಟು ಆಗಿರಲಿಲ್ಲ. ಆಗಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಮನೆಯಲ್ಲೇ ಕೂತು ಮಾತಾಡಬೇಕು ಎನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮೊದಲು ಟಿವಿ ನೋಡಿದ್ದು ಯಾವಾಗ ಎಂದು ಕೇಳಿದೆ. ಮುಖ ಅರಳಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊ ಒಂದು ಪ್ರಯೋಗ ನಡೆಸಿತ್ತು. ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಇವರ ಹಳ್ಳಿಯೂ ಒಂದು. ಸಾಲಿಯ ಮುಂದೆ ಊರೇ ನೆರೆಯುತ್ತಿತ್ತಂತೆ. ಸಂಜೆ ಎರಡೂವರೆ ತಾಸು, ಅಷ್ಟೇ. "ಟಿವಿ ಬಂದ್ ಆದ್ ಮ್ಯಾಲ ಯಾರೂ ಮನಿಗಿ ಹೋಗ್ತಿರಲಿಲ್ಲ. ಎತ್ತಿಗಿ ಹಂಗ ಮಾಡ್ಬೇಕಂತ, ಬೀಜಕ್ಕ ಹಿಂಗ ಮಾಡ್ಬೇಕಂತ, ಕಟ್ಟಿ ಮ್ಯಾಲ ಕುಂತು ಮಾತಾಡೋದು."

"ಹಂಗಾದ್ರ ಈಗ್ಲೂ ಎರಡೂವರೆ ತಾಸು ಸಾಕಾಗ್ತದೇನ್ ಕಾಕಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡೋಣು" ಎಂದರು.

ಮೊದಲ ವಾರ ಏನನ್ನೂ ಕಡಿಮೆ ಮಾಡಬೇಡಿ ಎಂದೆ. ಲೆಕ್ಕ ಬರೆಯುವ ಕೈ ಅಲ್ವಾ, ಅದಕ್ಕೆ ಒಂದು ನೋಟ್‌ಬುಕ್ ಕೊಟ್ಟೆ. ಟಿವಿ ಯಾವಾಗ ಹಚ್ಚಿತು, ನಿಜವಾಗಿ ಯಾರು ನೋಡುತ್ತಿದ್ದರು, ಅಷ್ಟು ಬರೆಯಿರಿ. ಹೆಚ್ಚಿನ ಸಾಲುಗಳಲ್ಲಿ 'ಯಾರೂ ಇಲ್ಲ' ಎಂದು ಅವರೇ ಬರೆದು ತಂದರು. ನಾನು ಏನೂ ಸೇರಿಸಬೇಕಾಗಲಿಲ್ಲ.

ಸಮಯವನ್ನು ಅವರೇ ಆರಿಸಿದರು. ಸಂಜೆ ಏಳರಿಂದ ಒಂಬತ್ತೂವರೆ. ಆ ಹೊತ್ತಿಗೆ ತಾಯಿ ಮಗುವನ್ನು ಮಾಳಿಗೆಗೆ ಕರೆದೊಯ್ದು ಊಟ ಮಾಡಿಸಿ, ಗಾಳಿಗೆ ಮಲಗಿಸಬೇಕು. ಊಟದ ಹೊತ್ತಿಗೆ ಯಾರಿಗೂ ಟಿವಿ ಇಲ್ಲ. ಬೆಳಿಗ್ಗೆ ಮಗು ಏಳುವ ಮುಂಚೆ ಆಕಾಶವಾಣಿ ಹಚ್ಚಬಹುದು, ಅದು ಹಿರಿಯರ ಸಪ್ಪಳಕ್ಕೆ.

ಕಷ್ಟದ ಹೊತ್ತೆಂದರೆ ಮಧ್ಯಾಹ್ನ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಹೊರಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ಮನೆಯ ಒಳಗಿನ ಕೆಲಸ ಹುಡುಕಿದೆವು. ತೊಗರಿ ಹಸನು ಮಾಡುತ್ತಾ ಕೂತರೆ ಹೇಗೆ ಎಂದು ಅವರು ಕೇಳಿದರು. ಬೇಡ ಎಂದೆ. ಈ ವಯಸ್ಸಿನ ಮಗು ಕಾಳನ್ನು ಮೂಗಿಗೆ ಏರಿಸಿಕೊಳ್ಳುತ್ತದೆ. ಉಳ್ಳಾಗಡ್ಡಿ, ಆಲೂಗಡ್ಡಿ ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹಾಕುವುದು, ಒಂದೊಂದಕ್ಕೂ ಹೆಸರು ಹೇಳುವುದು, ಹೇಳಿ ಮಗುವಿನ ಉತ್ತರಕ್ಕೆ ಕಾಯುವುದು. ಕಾಯುವುದೇ ಮುಖ್ಯ, ಮಾತಿನ ತಜ್ಞರೂ ಅದನ್ನೇ ಹೇಳಿದ್ದರು. ಬಿಸಿಲು ಇಳಿದ ಮೇಲೆ ಅಪ್ಪನ ಕೆರೆಯ ಕಡೆ ಒಂದು ಸುತ್ತು.

ಮಗನಿಗೆ ಹೇಳಿದ್ದು ಒಂದೇ ಮಾತು. ಏಪ್ರಿಲ್, ಮೇನಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಒಂದೂವರೆ ತನಕ. ಎರಡಕ್ಕೆ ಮನೆಯಲ್ಲಿರುತ್ತೀರಿ. ಅಪ್ಪನ ಜೊತೆ ಕೂತು ಉಣ್ಣಿರಿ, ದಿನಾ ನಿಮ್ಮ ಅವ್ವನ ಬಗ್ಗೆ ಒಂದು ಮಾತು ಕೇಳಿರಿ. ಆ ಮನೆಯಲ್ಲಿ ಎರಡು ವರ್ಷ ಯಾರೂ ಆಕೆಯ ಹೆಸರು ಎತ್ತಿರಲಿಲ್ಲ. ಅಪ್ಪನಿಗೆ ನೋವಾಗುತ್ತದೆಂದು ಮಗ, ಮಗನಿಗೆ ನೋವಾಗುತ್ತದೆಂದು ಅಪ್ಪ. ಮೊದಲ ಎರಡು ದಿನ ಬರೀ ತಾಟಿನ ಸಪ್ಪಳ. ಮೂರನೇ ದಿನ ಪಲ್ಯದಲ್ಲಿ ಉಪ್ಪು ಕಡಿಮೆಯಾಗಿತ್ತು. "ನಿಮ್ಮವ್ವನೂ ಹಿಂಗೇ ಹಾಕ್ತಿದ್ಳು" ಎಂದರಂತೆ ಅಪ್ಪ. ರೊಟ್ಟಿ ತಾಟಿನಲ್ಲೇ ಬಿಟ್ಟು ಇಬ್ಬರೂ ಅತ್ತರು.

ಮೇ ಕೊನೆಗೆ ಎಲ್ಲರೂ ಬಂದಿದ್ದರು. ಟಿವಿ ಈಗ ಮೂರು ತಾಸು. ಐಪಿಎಲ್ ಇದ್ದ ದಿನ ಮಗನೇ ಬಂದ್ ಮಾಡಲು ಬಿಡಲಿಲ್ಲವೆಂದು ಸೊಸೆ ದೂರು ಹೇಳಿದರು. ಮಗುವಿನ ಬಾಯಲ್ಲಿ ಸುಮಾರು ನಲವತ್ತು ಶಬ್ದ ಇವೆ. 'ಮುತ್ಯಾ ಬಾ' ಅನ್ನುತ್ತಾನೆ, 'ಗಡ್ಡಿ ಕೊಡು' ಅನ್ನುತ್ತಾನೆ. ತಜ್ಞರ ಅಭ್ಯಾಸದಿಂದ ಎಷ್ಟು, ಟಿವಿ ಕಡಿಮೆಯಾಗಿದ್ದರಿಂದ ಎಷ್ಟು ಎಂದು ಬೇರೆ ಮಾಡಿ ಹೇಳಲಾರೆ. ವಯಸ್ಸಿಗೆ ಇನ್ನೂ ಹಿಂದಿದ್ದಾನೆ. ತಜ್ಞರ ಭೇಟಿ ಬಿಡಬೇಡಿ ಎಂದು ಒತ್ತಿ ಹೇಳಿದ್ದೇನೆ.

ಜೂನ್‌ನಿಂದ ಕಚೇರಿಯ ಸಮಯ ಮತ್ತೆ ಮೊದಲಿನಂತಾಗುತ್ತದೆ. ಶಾಲೆಯೂ ಶುರು. ಮಧ್ಯಾಹ್ನ ಮನೆಯಲ್ಲಿ ಮುತ್ಯಾ, ಮೊಮ್ಮಗ ಇಬ್ಬರೇ. ಆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ ಎಂದು ಹಿರಿಯರಿಗೇ ಹೇಳಿ ಕಳಿಸಿದ್ದೇನೆ. ಮೊದಲ ಸೋಮವಾರ ಬರುತ್ತಾರೆ.