ಬಿಸಿನೀರಿನ ಬುಗ್ಗೆಯ ಮ್ಯಾಟ್: ಕ್ಲೋರೋಫಿಲ್, ಕಬ್ಬಿಣ ಎರಡನ್ನೂ ಒಂದೇ ತುಂಡಿನಿಂದ ಅಳೆಯಬಹುದೇ?

ಬಿಸಿನೀರಿನ ಬುಗ್ಗೆಯ ಮ್ಯಾಟ್‌ನ (ಸೂಕ್ಷ್ಮಜೀವಿಗಳು ಚಾಪೆಯಂತೆ ಬೆಳೆದ ಪದರ) ಒಂದೇ ತುಂಡಿನಿಂದ ಕ್ಲೋರೋಫಿಲ್, ಕಬ್ಬಿಣ ಎರಡನ್ನೂ ಅಳೆಯಬಹುದೇ ಎಂದು ಕೇಳಿದ್ದೀರಿ. ನಿಮ್ಮ ತೊಂದರೆ ಎರಡು: ಹಸಿರು ಸಾರ ಕಂದಾಗುತ್ತಿದೆ, ಕಬ್ಬಿಣದ ಅಂಕಿ ಪ್ರತಿ ಸಲ ಬೇರೆ ಬರುತ್ತಿದೆ. ಒಂದೇ ತುಂಡನ್ನು ಪುಡಿಮಾಡಿ ಎರಡು ಪಾಲು ಮಾಡಬಹುದು, ಆದರೆ ಒಂದೇ ಪಾಲಿನಿಂದ, ಒಂದೇ ಟ್ಯೂಬಿನಲ್ಲಿ ಎರಡನ್ನೂ ಅಳೆಯಬೇಡಿ. ಲೋಹಕ್ಕೆಂದು ಆಮ್ಲದಲ್ಲಿ ತೊಳೆದ ಟ್ಯೂಬಿನಲ್ಲಿ ಚೂರು ನೈಟ್ರಿಕ್ ಆಮ್ಲ ಉಳಿದಿದ್ದರೂ ಸಾಕು, ಕ್ಲೋರೋಫಿಲ್‌ನೊಳಗಿನ ಮೆಗ್ನೀಸಿಯಂ ಕಳಚಿ ಅದು ಕಂದು ಛಾಯೆಯ ಫಿಯೋಫೈಟಿನ್ ಆಗುತ್ತದೆ. ಸಾರ ಕಂದಾಗಲು ಇದೇ ಕಾರಣವಿರಬಹುದು.

ತುದಿ ಕತ್ತರಿಸಿದ ಪ್ಲಾಸ್ಟಿಕ್ ಸಿರಿಂಜಿನಿಂದ ಮ್ಯಾಟ್ ತೆಗೆದು, ಸಿರಿಂಜಿನ ಒಳವ್ಯಾಸ ಬರೆದಿಡಿ. ಬುಗ್ಗೆಯ ಮ್ಯಾಟ್‌ನಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ತುಂಬಿರುತ್ತದೆ, ಒಣತೂಕವನ್ನು ನಂಬಿದರೆ ಮೋಸಹೋಗುತ್ತೀರಿ. ವರ್ಣಕವನ್ನು (ಕ್ಲೋರೋಫಿಲ್‌ನಂಥ ಬಣ್ಣದ ವಸ್ತು) ಚದರ ಮೀಟರಿಗೆ ಲೆಕ್ಕಹಾಕುವುದೇ ಸರಿ. ಪದರ ಬಿಡಿಸಲು ಸೆರಾಮಿಕ್ ಚಾಕು ಇರಲಿ. ಸ್ಟೀಲ್ ಬ್ಲೇಡಿನಿಂದ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಸೇರಿಕೊಳ್ಳುತ್ತವೆ. ಫ್ರೀಜ್-ಡ್ರೈ ಮಾಡಿದ (ಹೆಪ್ಪುಗಟ್ಟಿಸಿ ಒಣಗಿಸಿದ) ಮ್ಯಾಟನ್ನು ಮಬ್ಬು ಬೆಳಕಿನಲ್ಲಿ ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ಪುಡಿಮಾಡಿ, ಚೆನ್ನಾಗಿ ಬೆರೆಸಿ, ಆಮೇಲೆ ಎರಡು ಪಾಲು ಮಾಡಿ.

ವರ್ಣಕದ ಪಾಲಿನಿಂದ 10–20 ಮಿಲಿಗ್ರಾಂ ಪುಡಿಗೆ ತಣ್ಣನೆಯ ಮೆಥನಾಲ್ 2 ಮಿ.ಲೀ. ಹಾಕಿ, ಕತ್ತಲೆಯಲ್ಲಿ 4 ಡಿಗ್ರಿಯಲ್ಲಿಟ್ಟು ಸೆಂಟ್ರಿಫ್ಯೂಜ್ ಮಾಡಿ. ಸಾರದಲ್ಲಿ ಹಸಿರು ಬರುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೆಗೆಯಿರಿ. ತಳದಲ್ಲಿ ನೀಲಿ ಉಳಿದರೆ ಗಾಬರಿ ಬೇಡ, ಅದು ಫೈಕೋಸಯನಿನ್ ಎಂಬ ನೀಲಿ ವರ್ಣಕ; ಮೆಥನಾಲ್‌ಗೆ ಬರುವುದಿಲ್ಲ. ಸಯನೋಬ್ಯಾಕ್ಟೀರಿಯಾದ (ಸಸ್ಯದಂತೆ ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ) ಶುದ್ಧ ಕಲ್ಚರ್‌ನಲ್ಲಿ ಕ್ಲೋರೋಫಿಲ್‌ಗೆ ಬಳಸುವ ಸೂತ್ರ ಇದು: 12.9447 × (665ರ ರೀಡಿಂಗ್ − 720ರ ರೀಡಿಂಗ್), ಸಾರದ ಮಿ.ಲೀ.ಗೆ ಮೈಕ್ರೋಗ್ರಾಂ. ಇಲ್ಲಿ 665, 720 ಇತ್ಯಾದಿ ನ್ಯಾನೋಮೀಟರಿನಲ್ಲಿ ಬೆಳಕಿನ ತರಂಗಾಂತರ; ರೀಡಿಂಗ್ ಎಂದರೆ ಸಾರ ಅಲ್ಲಿ ಎಷ್ಟು ಬೆಳಕು ಹೀರುತ್ತದೆ ಎಂಬುದು.

ಮ್ಯಾಟ್‌ಗೆ ಇದನ್ನು ಹಾಗೆಯೇ ಹಾಕಿದರೆ ಎರಡು ಕಡೆ ಎಡವುತ್ತೀರಿ. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿರುವ ಮಶ್ರೂಮ್ ಸ್ಪ್ರಿಂಗ್ ಎಂಬ ಬಿಸಿನೀರಿನ ಬುಗ್ಗೆಯಲ್ಲಿ ಮೇಲಿನ ಹಸಿರು ಪದರ ಸಿನೆಕೋಕಾಕಸ್ ಎಂಬ ಸಯನೋಬ್ಯಾಕ್ಟೀರಿಯಾದ್ದು, ಕೆಳಗೆ ಬೇರೆ ಬಗೆಯ ಬ್ಯಾಕ್ಟೀರಿಯಾ ರೋಸಿಫ್ಲೆಕ್ಸಸ್. ಕ್ಲೋರೋಫ್ಲೆಕ್ಸಸ್ ಕೂಡ ಇರುತ್ತದೆ. ಈ ಕೊನೆಯದರ ಬ್ಯಾಕ್ಟೀರಿಯೋಕ್ಲೋರೋಫಿಲ್ 'ಸಿ' ಮೆಥನಾಲ್‌ನಲ್ಲಿ 670ರ ಹತ್ತಿರವೇ ಬೆಳಕು ಹೀರುವುದರಿಂದ ಕ್ಲೋರೋಫಿಲ್ ಹೆಚ್ಚಿದ್ದಂತೆ ಕಾಣುತ್ತದೆ. ಬ್ಯಾಕ್ಟೀರಿಯೋಕ್ಲೋರೋಫಿಲ್ 'ಎ' 770ರಲ್ಲಿ ಹೀರುತ್ತದೆ. ಅದರ ಬಾಲ 720ಕ್ಕೂ ಚಾಚುವುದರಿಂದ ಅಲ್ಲಿನ ರೀಡಿಂಗ್ ಕಳೆಯುವುದೂ ತಪ್ಪಾಗುತ್ತದೆ. ಹಾಗಾಗಿ 350ರಿಂದ 900ರವರೆಗೆ ಪೂರ್ತಿ ಸ್ಕ್ಯಾನ್ ಮಾಡಿ, 850ರ ಆಚೆ ಬೇಸ್‌ಲೈನ್ ಹಿಡಿಯಿರಿ. 770ರಲ್ಲಿ ಉಬ್ಬು ಕಂಡರೆ ಎಚ್‌ಪಿಎಲ್‌ಸಿ (ವರ್ಣಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ವಿಧಾನ) ಮಾಡಲೇಬೇಕು. ಅದರ ಸಿ18 ಕಾಲಂನಲ್ಲಿ (ಬೇರ್ಪಡಿಸುವ ಕೊಳವೆ) ಬ್ಯಾಕ್ಟೀರಿಯೋಕ್ಲೋರೋಫಿಲ್ 'ಸಿ' ಒಂದೇ ಪೀಕ್ ಆಗಿ ಬರದೆ ಗೊಂಚಲಾಗಿ ಬರುತ್ತದೆ, ಗುರುತಿಸುವುದು ಸುಲಭ.

ಇನ್ನು ಕಬ್ಬಿಣ. 0.25 ಗ್ರಾಂ ಪುಡಿಗೆ ಶುದ್ಧ ನೈಟ್ರಿಕ್ ಆಮ್ಲ 10 ಮಿ.ಲೀ. ಹಾಕಿ, ಗ್ಯಾಸ್ ಹೋಗಲು ಫ್ಯೂಮ್ ಹುಡ್‌ನಲ್ಲಿ 15 ನಿಮಿಷವಾದರೂ ತೆರೆದಿಟ್ಟು, ಆಮೇಲಷ್ಟೇ ಮುಚ್ಚಿ ಪ್ರಯೋಗಾಲಯದ ಮೈಕ್ರೋವೇವ್‌ನಲ್ಲಿ (ಅಡುಗೆಮನೆಯದಲ್ಲ) 175 ಡಿಗ್ರಿಗೆ ಏರಿಸಿ. ಕೊನೆಗೆ ಉಳಿಯುವ ಬಿಳಿ ಪುಡಿ ಸಿಲಿಕೇಟ್. ನಿಮ್ಮ ಅಂಕಿ ಕುಣಿಯುವುದಕ್ಕೆ ಬಹುಶಃ ಮ್ಯಾಟ್‌ನಲ್ಲಿ ಸಿಕ್ಕಿಕೊಂಡ ಜೇಡಿಯೇ ಕಾರಣ. ಅಲ್ಯುಮಿನಿಯಂ ಕೂಡ ಅಳೆಯಿರಿ. ಅದು ಏರಿದಾಗೆಲ್ಲ ಕಬ್ಬಿಣವೂ ಏರಿದರೆ ಆ ಕಬ್ಬಿಣ ಜೇಡಿಯದು, ಜೀವಕೋಶದ್ದಲ್ಲ. ಅಳೆಯುವುದು ಐಸಿಪಿ-ಎಂಎಸ್‌ನಲ್ಲಿ (ಲೋಹಗಳನ್ನು ಪರಮಾಣುವಿನ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರ) ಆದರೆ ಹೀಲಿಯಂ ಕೊಲಿಷನ್ ಮೋಡ್ ಹಾಕಿ, ಇಲ್ಲದಿದ್ದರೆ ಆರ್ಗಾನ್ ಆಕ್ಸೈಡ್ ದ್ರವ್ಯರಾಶಿ 56ರಲ್ಲಿ ಕಬ್ಬಿಣದ ವೇಷ ತೊಡುತ್ತದೆ. ಪ್ರತಿ ಬ್ಯಾಚಿನಲ್ಲಿ ಮೂರು ಬ್ಲ್ಯಾಂಕ್‌ಗಳ (ಮ್ಯಾಟ್ ಹಾಕದ ಬರೀ ಆಮ್ಲ) ಜೊತೆಗೆ, ಹೋಲಿಸಿ ನೋಡಲು ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಬಿಸಿಆರ್-414 ಪ್ಲ್ಯಾಂಕ್ಟನ್ ಪುಡಿಯನ್ನೂ ಓಡಿಸಿ.