ತೆಗೆದ ಪಿತ್ತಕೋಶ ಎಲ್ಲಿಗೆ ಹೋಯಿತು ಅಂತ ಕೇಳಿದ್ದೀರಾ?

ಓದುಗರ ಪ್ರಶ್ನೆ, ತಜ್ಞರ ಉತ್ತರ
ಉತ್ತರಿಸಿದವರು: ಕಲಬುರಗಿಯ ಪೆಥಾಲಜಿ ವೈದ್ಯರೊಬ್ಬರು

ಈ ಸಲದ ಪ್ರಶ್ನೆಗಳಲ್ಲಿ ಪಿತ್ತಕೋಶದ ಹರಳು ಮತ್ತು ಗರ್ಭಕೋಶದ ಬಾಯಿ, ಇವೆರಡರದ್ದೇ ಮಾತು ಜಾಸ್ತಿ. ಕೆಲವರು ಎರಡನ್ನೂ ಒಂದೇ ವೈರಸ್ಸಿಗೆ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ಎಚ್‌ಪಿವಿಗೆ (ಹ್ಯೂಮನ್ ಪ್ಯಾಪಿಲೋಮಾ ವೈರಸ್), ಗಂಟು ಹಾಕಿದ್ದಾರೆ. ನಾನು ರೋಗಿಯ ನಾಡಿ ಹಿಡಿಯುವ ಡಾಕ್ಟರ್ ಅಲ್ಲ, ಅವರ ದೇಹದಿಂದ ತೆಗೆದ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವನು. ಹಾಗಾಗಿ ಉತ್ತರಗಳೂ ಲ್ಯಾಬಿನ ಕಡೆಯಿಂದಲೇ ಇವೆ.

ಪ್ರಶ್ನೆ: ಅವ್ವನಿಗೆ 58 ವರ್ಷ. ಹರಳು ಅಂತ ಪಿತ್ತಕೋಶ ತೆಗೆದರು. ಆಮೇಲೆ ಬಂದ ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತಿದೆ. ಈಗ ಇನ್ನೊಂದು ಆಪರೇಷನ್ ಬೇಕು ಅನ್ನುತ್ತಾರೆ. ಎಚ್‌ಪಿವಿ ವೈರಸ್ ಪಿತ್ತಕೋಶದಲ್ಲೂ ಸಿಕ್ಕಿದೆ ಅಂತ ನನ್ನ ತಮ್ಮ ಮೊಬೈಲಿನಲ್ಲಿ ಓದಿದ್ದಾನೆ. ಅವ್ವನಿಗೆ ಅದರಿಂದಲೇ ಬಂತಾ? ನಾವು ಅಕ್ಕತಂಗಿಯರು ಲಸಿಕೆ ಹಾಕಿಸಿಕೊಂಡರೆ ನಮಗೆ ಬರೋದಿಲ್ವಾ?
– ಹುಮನಾಬಾದ್, ಬೀದರ್ ಜಿಲ್ಲೆ

ವೈರಸ್ಸಿನ ಮಾತು ಆಮೇಲೆ. ಮೊದಲು ಎರಡನೇ ಆಪರೇಷನ್, ಅದನ್ನು ಮುಂದೂಡುವಂತಿಲ್ಲ.

ಪಿತ್ತಕೋಶದ ಗೋಡೆ ಎರಡು ಮೂರು ಮಿಲಿಮೀಟರ್ ದಪ್ಪ, ಅಷ್ಟೇ. ಒಳಗೆ ಜೀವಕೋಶಗಳ ಒಂದೇ ಸಾಲು, ಅದರ ಕೆಳಗೆ ತೆಳ್ಳನೆಯ ಪದರ, ಆಮೇಲೆ ಸ್ನಾಯು, ಅದರಾಚೆ ನಾರು ಮತ್ತು ಕೊಬ್ಬು. ಲಿವರ್‌ಗೆ ಅಂಟಿಕೊಂಡ ಕಡೆ ಹೊರಗಿನ ಹೊದಿಕೆಯೂ ಇಲ್ಲ. ಅಂದರೆ ಗಡ್ಡೆ ಸ್ವಲ್ಪ ಆಳಕ್ಕೆ ಇಳಿದರೂ ಲಿವರ್ ಪಕ್ಕದಲ್ಲೇ ಇರುತ್ತದೆ. ರಿಪೋರ್ಟಿನಲ್ಲಿ ‘ಪಿಟಿ1ಎ’ ಅಂತಿದ್ದರೆ ಗಡ್ಡೆ ಸ್ನಾಯುವಿನ ತನಕ ಹೋಗಿಲ್ಲ. ಆಗ ಈಗಾಗಲೇ ಆಗಿರುವ ಆಪರೇಷನ್ನೇ ಸಾಮಾನ್ಯವಾಗಿ ಸಾಕು. ‘ಪಿಟಿ1ಬಿ’ (ಸ್ನಾಯುವಿಗೆ ಇಳಿದಿದೆ) ಅಥವಾ ‘ಪಿಟಿ2’ (ಸ್ನಾಯುವಿನಾಚೆ ಹೋಗಿದೆ) ಅಂತಿದ್ದರೆ ಲಿವರ್‌ನ ಪಕ್ಕದ ತುಂಡು ಮತ್ತು ಸುತ್ತಲಿನ ಲಿಂಫ್ ಗಂಟುಗಳನ್ನೂ ತೆಗೆಯಬೇಕಾಗುತ್ತದೆ. ನಿಮ್ಮ ಅವ್ವನಿಗೆ ಹೇಳಿದ್ದು ಇದನ್ನೇ ಇರಬೇಕು. ಸರ್ಜನ್ ಹತ್ತಿರ ಹೋಗುವಾಗ ಮೂರು ಮಾತು ಕೇಳಿ: ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ, ಪಿತ್ತಕೋಶದ ನಾಳದ ಕತ್ತರಿಸಿದ ತುದಿಯಲ್ಲಿ ಕ್ಯಾನ್ಸರ್ ಇದೆಯಾ, ಮೊದಲ ಆಪರೇಷನ್ನಿನಲ್ಲಿ ಪಿತ್ತಕೋಶ ಒಡೆದು ಪಿತ್ತ ಚೆಲ್ಲಿತ್ತಾ. ಲಿವರ್ ಆಪರೇಷನ್ ಮಾಡಿ ರೂಢಿ ಇರುವವರ ಬಳಿಯೇ ಹೋಗಿ. ಬೀದರಿನವರಿಗೆ ಹೈದರಾಬಾದ್ ಹತ್ತಿರ, ನಮ್ಮ ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿದ್ದರೆ ಜೊತೆಗೆ ಇಟ್ಟುಕೊಂಡೇ ಹೋಗಿ.

ಈಗ ವೈರಸ್. ಅವ್ವನ ಕ್ಯಾನ್ಸರ್‌ಗೆ ಎಚ್‌ಪಿವಿ ಕಾರಣ ಅನ್ನಲು ಆಧಾರವಿಲ್ಲ. ಗರ್ಭಕೋಶದ ಬಾಯಿ, ಯೋನಿ, ಶಿಶ್ನ, ಗುದದ್ವಾರ, ಬಾಯಿ-ಗಂಟಲಿನ ಕೆಲವು ಕ್ಯಾನ್ಸರ್‌ಗಳು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಚ್‌ಪಿವಿಯ ಲೆಕ್ಕಕ್ಕೆ ಹಾಕಿರುವುದು ಇವನ್ನು. ಪಿತ್ತಕೋಶ ಆ ಪಟ್ಟಿಯಲ್ಲಿಲ್ಲ. ಕೆಲವು ಸಣ್ಣ ಅಧ್ಯಯನಗಳಲ್ಲಿ ಪಿತ್ತಕೋಶದ ಗಡ್ಡೆಯಲ್ಲಿ ವೈರಸ್ಸಿನ ಡಿಎನ್ಎ ಸಿಕ್ಕಿದೆ, ಇನ್ನು ಕೆಲವುದರಲ್ಲಿ ಸಿಕ್ಕೇ ಇಲ್ಲ. ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ, ಅರ್ಧ ಮಾತ್ರ.

ಪಿತ್ತಕೋಶಕ್ಕೆ ಗಟ್ಟಿಯಾಗಿ ಗೊತ್ತಿರುವ ಕಾರಣ ಹರಳು. ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಹರಳು ಇರುತ್ತದೆ. ವರ್ಷಗಟ್ಟಲೆ ಉಜ್ಜಿ, ಬಾವು ಬಂದು, ಒಳಪದರ ಬದಲಾಗುತ್ತಾ ಹೋಗುತ್ತದೆ. ಟೈಫಾಯ್ಡ್ ರೋಗಾಣು ಪಿತ್ತಕೋಶದಲ್ಲಿ ಕಾಯಂ ಮನೆ ಮಾಡಿಕೊಂಡವರಿಗೂ ಅಪಾಯ ಜಾಸ್ತಿ. ಗಂಗಾ ನದಿಯ ಬಯಲಿನ ರಾಜ್ಯಗಳಲ್ಲಿ ಈ ರೋಗ ಬಹಳ, ನಮ್ಮ ದಕ್ಷಿಣದಲ್ಲಿ ಕಡಿಮೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಆದರೆ ಇದನ್ನು ತಿರುಗಿಸಿ ಓದಬೇಡಿ: ಹರಳು ಇರುವ ನೂರಾರು ಜನರಲ್ಲಿ ಕ್ಯಾನ್ಸರ್ ಆಗುವುದು ಬೆರಳೆಣಿಕೆಯಷ್ಟು ಮಂದಿಗೆ.

ಲಸಿಕೆ ಪಿತ್ತಕೋಶವನ್ನು ಕಾಯುವುದಿಲ್ಲ. ನೀವು ಅಕ್ಕತಂಗಿಯರು ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ಹರಳಿದೆಯಾ ನೋಡಿಸಿ. 30 ದಾಟಿದವರು ಗರ್ಭಕೋಶದ ಬಾಯಿಯ ತಪಾಸಣೆಯನ್ನೂ ಮಾಡಿಸಿಕೊಳ್ಳಿ. ಅದು ಬೇರೆ ಲೆಕ್ಕ, ಆದರೆ ಹೇಗೂ ಮಾಡಿಸಬೇಕಾದದ್ದೇ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪೆಥಾಲಜಿ ಎಂ.ಡಿ. ಮಾಡುತ್ತಿದ್ದೇನೆ. ಪಿತ್ತಕೋಶದ ಕ್ಯಾನ್ಸರ್‌ನ ಹಳೆಯ ಬ್ಲಾಕ್‌ಗಳಲ್ಲಿ (ಮೇಣದಲ್ಲಿ ಹುದುಗಿಸಿಟ್ಟ ತುಣುಕುಗಳಲ್ಲಿ) ಎಚ್‌ಪಿವಿ ಹುಡುಕಿ ಥೀಸಿಸ್ ಮಾಡೋಣ ಅಂತಿದ್ದೇನೆ. ಸಲಹೆ ಕೊಡಿ ಸರ್.

ಹುಡುಕಪ್ಪ, ಬೇಡ ಅನ್ನೋದಿಲ್ಲ. ಆದರೆ ‘ಸಿಕ್ಕಿತು’ ಅಂದ ಕೂಡಲೇ ‘ಕಾರಣ’ ಅಂತ ಬರೆಯಬೇಡ.

ಬ್ಲಾಕ್ ಕತ್ತರಿಸುವ ಮೇಜಿನ ಹತ್ತಿರ ಹೋಗಿ ಒಂದು ದಿನ ನಿಂತು ನೋಡು. ಬೆಳಗ್ಗೆ ಅದೇ ಮೈಕ್ರೋಟೋಮಿನಲ್ಲಿ (ಬ್ಲಾಕನ್ನು ತೆಳ್ಳಗೆ ಕತ್ತರಿಸುವ ಯಂತ್ರ), ಅದೇ ಬ್ಲೇಡಿನಲ್ಲಿ ಗರ್ಭಕೋಶದ ಬಾಯಿಯ ತುಣುಕು ಕತ್ತರಿಸಿರುತ್ತಾರೆ. ವೈರಸ್ ತುಂಬಿದ ತುಣುಕು ಅದು. ಮುಂದಿನದು ಪಿತ್ತಕೋಶ. ಬ್ಲೇಡಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಚೂರು ಉಳಿದರೂ ಪಿಸಿಆರ್ (ಚೂರೇ ಚೂರು ಡಿಎನ್ಎಯನ್ನೂ ಹೆಚ್ಚಿಸಿ ಹಿಡಿಯುವ ಪರೀಕ್ಷೆ) ಅದನ್ನು ಎತ್ತಿ ತೋರಿಸುತ್ತದೆ. ಪ್ರತಿ ಬ್ಲಾಕಿಗೂ ಹೊಸ ಬ್ಲೇಡ್ ಹಾಕು. ನಡುನಡುವೆ ಖಾಲಿ ಮೇಣದ ಬ್ಲಾಕ್ ಕತ್ತರಿಸಿ ಅದನ್ನೂ ಪಿಸಿಆರ್‌ಗೆ ಹಾಕು. ಖಾಲಿ ಬ್ಲಾಕಿನಲ್ಲೇ ವೈರಸ್ ಬಂದರೆ ಆ ದಿನದ ಕೆಲಸವನ್ನೆಲ್ಲ ಪಕ್ಕಕ್ಕಿಡು. ಫಾರ್ಮಲಿನ್‌ನಲ್ಲಿ (ತುಣುಕು ಕೆಡದಂತೆ ಇಡುವ ದ್ರಾವಣ) ಡಿಎನ್ಎ ಚೂರುಚೂರಾಗಿರುತ್ತದೆ, ಆದ್ದರಿಂದ ಚಿಕ್ಕ ತುಂಡನ್ನು ಹಿಡಿಯುವ ಪ್ರೈಮರ್ (ಪಿಸಿಆರ್‌ಗೆ ಗುರಿ ತೋರಿಸುವ ಡಿಎನ್ಎ ತುಣುಕು) ಬೇಕು. ಬೀಟಾ-ಗ್ಲೋಬಿನ್ (ಮನುಷ್ಯರ ಡಿಎನ್ಎಯಲ್ಲಿ ಇದ್ದೇ ಇರುವ ಜೀನ್) ಬಾರದ ಬ್ಲಾಕನ್ನು ‘ನೆಗೆಟಿವ್’ ಅಂತ ಲೆಕ್ಕಕ್ಕೆ ಹಿಡಿಯಬಾರದು.

ಡಿಎನ್ಎ ಸಿಕ್ಕರೂ ವೈರಸ್ ಅಲ್ಲಿ ಕೆಲಸ ಮಾಡುತ್ತಿತ್ತಾ ಅನ್ನುವುದು ಬೇರೆ ಪ್ರಶ್ನೆ. ವೈರಸ್ಸಿನ ಕ್ಯಾನ್ಸರ್ ತರುವ ಇ6, ಇ7 ಜೀನ್‌ಗಳ ಆರ್‌ಎನ್ಎ ಗಡ್ಡೆಯ ಜೀವಕೋಶದೊಳಗೇ ಕಾಣಬೇಕು. ಪಿ16 ಸ್ಟೇನ್ (ಪಿ16 ಪ್ರೋಟೀನಿಗೆ ಬಣ್ಣ ಹಿಡಿಸಿ ನೋಡುವುದು) ಒಂದನ್ನೇ ನಂಬಿದರೆ ಮೋಸ ಹೋಗುತ್ತೀಯ. ಗಂಟಲಿನ ಕ್ಯಾನ್ಸರ್‌ನಲ್ಲಿ ಅದು ಒಳ್ಳೆಯ ಸೂಚಕ, ಪಿತ್ತಕೋಶದಲ್ಲಿ ವೈರಸ್ ಇಲ್ಲದೆಯೂ ಏರಬಹುದು. ಇನ್ನೊಂದು ಮಾತು: ಎಚ್‌ಪಿವಿ ಹೊಕ್ಕು ಕೂರುವುದು ಚರ್ಮದಂಥ ಪದರವಿರುವ ಜಾಗದಲ್ಲಿ. ಪಿತ್ತಕೋಶದ ಒಳಪದರ ಹಾಗಿಲ್ಲ. ಅಪರೂಪಕ್ಕೆ ಅಲ್ಲಿ ಆ ಬಗೆಯ ಬದಲಾವಣೆ, ಆ ಬಗೆಯ ಗಡ್ಡೆ ಕಾಣುತ್ತದೆ. ಹುಡುಕುವುದೇ ಆದರೆ ಆ ಬ್ಲಾಕ್‌ಗಳಿಂದ ಶುರು ಮಾಡು. ಬರೀ ಹರಳಿದ್ದು ಕ್ಯಾನ್ಸರ್ ಇಲ್ಲದ ಪಿತ್ತಕೋಶಗಳನ್ನೂ ಹೋಲಿಕೆಗೆ ಇಟ್ಟುಕೋ.

ಗರ್ಭಕೋಶದ ಬಾಯಿಯ ವಿಷಯದಲ್ಲಿ ಹೇಗಾಯಿತು ನೋಡು. ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸನ್ ತಂಡಕ್ಕೆ ಎಚ್‌ಪಿವಿ 16 ಸಿಕ್ಕಿದ್ದು 1983ರಲ್ಲಿ. ಪ್ರಪಂಚದ ಬೇರೆ ಬೇರೆ ದೇಶಗಳ ಗಡ್ಡೆ ಪರೀಕ್ಷಿಸಿ, ನೂರಕ್ಕೆ 99ಕ್ಕೂ ಹೆಚ್ಚು ಗಡ್ಡೆಗಳಲ್ಲಿ ವೈರಸ್ ಇದೆ ಅಂತ ಪ್ರಕಟವಾದದ್ದು 1999ರಲ್ಲಿ. ನೊಬೆಲ್ ಬಂದದ್ದು 2008ರಲ್ಲಿ. ಪಿತ್ತಕೋಶದಲ್ಲಿ ಆ ಬಗೆಯ ಒಮ್ಮತದ ಹತ್ತಿರಕ್ಕೂ ಯಾರೂ ಬಂದಿಲ್ಲ.

ನನ್ನನ್ನು ಕೇಳಿದರೆ ಇದಕ್ಕಿಂತ ಅಗ್ಗದ, ಉಪಯೋಗದ ಥೀಸಿಸ್ ಒಂದಿದೆ. ನಮ್ಮ ಭಾಗದಲ್ಲಿ ತೆಗೆದ ಪಿತ್ತಕೋಶಗಳಲ್ಲಿ ಎಷ್ಟು ಲ್ಯಾಬಿಗೆ ಬರುತ್ತವೆ, ಎಷ್ಟು ಬರೋದೇ ಇಲ್ಲ? ಯಾರಾದರೂ ಲೆಕ್ಕ ಹಾಕಬೇಕು ಅಲ್ವಾ?

ಪ್ರಶ್ನೆ: ಆಪರೇಷನ್ ಆದ ಮೇಲೆ ಹರಳುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಪಿತ್ತಕೋಶ ಟೆಸ್ಟಿಗೆ ಕಳಿಸೋದಿಲ್ವಾ ಅಂದರೆ ‘ನೋಡೋಕೆ ಚೆನ್ನಾಗೇ ಇದೆ, ಸುಮ್ನೆ ಯಾಕೆ ಖರ್ಚು’ ಅಂದರು. ಸರಿನಾ?
– ಶಹಾಪುರ, ಯಾದಗಿರಿ ಜಿಲ್ಲೆ

ಸರಿಯಲ್ಲ. ಹರಳನ್ನು ಮನೆಗೆ ಕೊಟ್ಟು ಪಿತ್ತಕೋಶವನ್ನು ಬಿಸಾಡುವುದು ತಲೆಕೆಳಗಾದ ವ್ಯವಹಾರ. ಹರಳಿನಲ್ಲಿ ನಮಗೆ ಬೇಕಾದ್ದು ಏನೂ ಇಲ್ಲ. ನೆಂಟರಿಗೆ ತೋರಿಸೋಕೆ ಆಗುತ್ತೆ, ಅಷ್ಟೇ.

ಕಣ್ಣಿಗೆ ಚೆನ್ನಾಗಿ ಕಾಣುವುದರ ಬಗ್ಗೆ ಹೇಳುತ್ತೇನೆ. ಪಿತ್ತಕೋಶವನ್ನು ಉದ್ದಕ್ಕೆ ಸೀಳಿ, ಪಿತ್ತ ತೊಳೆದು, ಟ್ರೇಯಲ್ಲಿ ಹರಡುತ್ತೇವೆ. ಒಳಮೈ ಹಸಿರು ಮಖಮಲ್ಲಿನ ಹಾಗಿರುತ್ತದೆ. ಕೆಲವರಲ್ಲಿ ಕೊಬ್ಬು ಸೇರಿ ಹಳದಿ ಚುಕ್ಕೆ, ಕೆಲವರಲ್ಲಿ ಬಾವು ಬಂದು ಮಖಮಲ್ಲು ಸವೆದು ನುಣ್ಣಗಾಗಿರುತ್ತದೆ. ಬೆರಳಿನ ತುದಿಯಲ್ಲಿ ಗೋಡೆಯನ್ನು ಸವರುತ್ತಾ ಹೋಗುತ್ತೇವೆ. ಒಂದು ಕಡೆ ಸ್ವಲ್ಪ ಗಟ್ಟಿ, ಸ್ವಲ್ಪ ಬಿಳುಪು. ಅಲ್ಲಿಂದ ತುಣುಕು ತೆಗೆಯುತ್ತೇವೆ. ಆದರೆ ಆರಂಭದ ಕ್ಯಾನ್ಸರ್ ಎಷ್ಟೋ ಸಲ ಅಷ್ಟನ್ನೂ ತೋರಿಸುವುದಿಲ್ಲ. ಬುಡ, ನಡು, ಕುತ್ತಿಗೆ, ನಾಳದ ತುದಿ, ಹೀಗೆ ಎಲ್ಲ ಕಡೆಯಿಂದ ತುಣುಕು ತೆಗೆದು ಸ್ಲೈಡ್ ಮಾಡಿದಾಗಲೇ ಗೊತ್ತಾಗುತ್ತದೆ. ಹರಳು ಅಂತ ತೆಗೆದವುಗಳಲ್ಲಿ ಹೀಗೆ ಸಿಗುವುದು ಹೆಚ್ಚಿನ ಅಧ್ಯಯನಗಳಲ್ಲಿ ನೂರಕ್ಕೆ ಒಂದರ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಕಡಿಮೆಯೇ. ಆದರೆ ಪೂರ್ತಿ ವಾಸಿಯಾಗುವ ಹಂತದಲ್ಲಿ ಈ ಕ್ಯಾನ್ಸರ್ ಸಿಗುವುದು ಬಹುಪಾಲು ಹೀಗೆ ಆಕಸ್ಮಿಕವಾಗಿಯೇ. ಕಾಮಾಲೆ ಬಂದು, ತೂಕ ಇಳಿದು ಬಂದವರಲ್ಲಿ ಸಾಮಾನ್ಯವಾಗಿ ತಡವಾಗಿರುತ್ತದೆ.

ಉಲ್ಟಾ ಆಗುವುದೂ ಉಂಟು. ಪಿತ್ತ ಗೋಡೆಯೊಳಗೆ ಸೋರಿ, ಗೋಡೆ ದಪ್ಪಗಾಗಿ ಲಿವರ್‌ಗೆ ಅಂಟಿಕೊಂಡಿರುತ್ತದೆ. ಸಿ.ಟಿ. ಸ್ಕ್ಯಾನಿನಲ್ಲೂ ಸರ್ಜನ್ ಕಣ್ಣಿಗೂ ಥೇಟ್ ಕ್ಯಾನ್ಸರ್. ಸ್ಲೈಡಿನಲ್ಲಿ ನೋಡಿದರೆ ಕೊಬ್ಬು ನುಂಗಿ ನೊರೆಯಂತಾದ ಬಿಳಿ ರಕ್ತಕಣಗಳ ಗುಂಪು, ಬರೀ ಬಾವು. ಹೆದರಿ ಕೂತಿದ್ದ ಮನೆಮಂದಿಗೆ ಆ ರಿಪೋರ್ಟ್ ಕೊಡುವುದು ನನಗೂ ಖುಷಿಯ ಕೆಲಸ.

ಆಪರೇಷನ್‌ಗೆ ಮುಂಚೆಯೇ ‘ಬಯಾಪ್ಸಿಗೆ ಕಳಿಸ್ತೀರಿ ಅಲ್ವಾ’ ಅಂತ ಕೇಳಿಟ್ಟುಕೊಳ್ಳಿ. ಡಬ್ಬಿ ನಿಮ್ಮ ಕೈಗೇ ಕೊಟ್ಟರೆ ಅದರಲ್ಲಿ ಶೇ 10ರ ಫಾರ್ಮಲಿನ್ ಇರಬೇಕು, ತುಣುಕು ಮುಳುಗುವುದಕ್ಕಿಂತ ಎಷ್ಟೋ ಜಾಸ್ತಿ. ಸಲೈನ್ ಬೇಡ, ನೀರು ಬೇಡ. ನಮ್ಮ ಬಿಸಿಲಿಗೆ ನೀರಿನಲ್ಲಿಟ್ಟ ಪಿತ್ತಕೋಶ ಬಸ್ಸಿನಲ್ಲಿ ಕಲಬುರಗಿ ತಲುಪುವಷ್ಟರಲ್ಲಿ ಕೊಳೆಯಲು ಶುರುವಾಗಿರುತ್ತದೆ. ಆಮೇಲೆ ಯಾವ ಮೈಕ್ರೋಸ್ಕೋಪೂ ಏನೂ ಹೇಳದು.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ‘ಕ್ರಾನಿಕ್ ಕೋಲೆಸಿಸ್ಟೈಟಿಸ್, ಪೈಲೋರಿಕ್ ಮೆಟಾಪ್ಲೇಸಿಯಾ’ ಅಂತಿದೆ. ಕ್ಯಾನ್ಸರಾ?
– ಬಸವಕಲ್ಯಾಣ

ಅಲ್ಲ. ಹಳೆಯ ಬಾವು, ಒಳಪದರದ ರೂಪ ಬದಲಾಗಿದೆ. ಪಿತ್ತಕೋಶ ಹೊರಗೆ ಬಂದಾಗಿದೆ, ಮರೆತುಬಿಡಿ. ‘ಡಿಸ್‌ಪ್ಲೇಸಿಯಾ’ (ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ) ಅಂತಿದ್ದರೆ ಮಾತ್ರ ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ಕ್ಯಾಂಪಿನಲ್ಲಿ ಟೆಸ್ಟ್ ಮಾಡಿ ಎಚ್‌ಪಿವಿ ಪಾಸಿಟಿವ್ ಅಂದರು. ಪ್ಯಾಪ್ (ಗರ್ಭಕೋಶದ ಬಾಯಿಯ ಜೀವಕೋಶ ಸವರಿ ತೆಗೆದು ನೋಡುವ ಟೆಸ್ಟ್) ನಾರ್ಮಲ್ ಇದೆ. ಅಂದಿನಿಂದ ಮನೆಯವರು ಮುಖ ಕೊಟ್ಟು ಮಾತಾಡುತ್ತಿಲ್ಲ. ನನಗೆ ಕ್ಯಾನ್ಸರ್ ಆಗುತ್ತದಾ?
– ಸೇಡಂ

ಈ ಉತ್ತರವನ್ನು ನಿಮ್ಮ ಯಜಮಾನರಿಗೂ ಓದಿಸಿ ತಂಗಿ. ಈ ವೈರಸ್ ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಬಂದದ್ದು ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಈಗ ಕಾಣಬಹುದು. ಗಂಡಸರಿಗೂ ಇರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಸಂಸಾರ ಮಾಡಿದ ಬಹಳಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುವ ವೈರಸ್ ಇದು. ಇದನ್ನು ಹಿಡಿದು ಯಾರ ಮೇಲೂ ಅನುಮಾನ ಪಡುವ ಹಾಗಿಲ್ಲ.

ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಗೆ ಹಾಕುತ್ತದೆ. ಹೋಗದೆ ಉಳಿದರೆ ಮಾತ್ರ ತೊಂದರೆ. ಆಗಲೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಆ ನಡುವಿನ ಬದಲಾವಣೆ ಸ್ಲೈಡಿನಲ್ಲಿ ಕಾಣುತ್ತದೆ: ಜೀವಕೋಶದ ನಡುವಿನ ಬೀಜ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿ, ಸುತ್ತ ಖಾಲಿ ಬಿಳಿ ಬಳೆ. ನಿಮ್ಮ ಪ್ಯಾಪ್‌ನಲ್ಲಿ ಅದಿಲ್ಲ. ವೈರಸ್ಸಿನ ಯಾವ ಟೈಪ್ ಅಂತ ರಿಪೋರ್ಟಿನಲ್ಲಿ ನೋಡಿ. 16 ಅಥವಾ 18 ಆಗಿದ್ದರೆ ಪ್ಯಾಪ್ ನಾರ್ಮಲ್ ಇದ್ದರೂ ಕಾಲ್ಪೋಸ್ಕೋಪಿ (ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ನೋಡುವ ಪರೀಕ್ಷೆ) ಮಾಡಿಸಿ. ಬೇರೆ ಟೈಪ್ ಆದರೆ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್. ವೈರಸ್ಸಿಗೆ ಗುಳಿಗೆ ಇಲ್ಲ, ಯಾರಾದರೂ ಮಾರಿದರೆ ಕೊಳ್ಳಬೇಡಿ.

ಟೆಸ್ಟ್ ಮಾಡಿಸಿದ್ದು ಒಳ್ಳೆಯದಾಯಿತು. ಆಳಂದ, ಬಸವಕಲ್ಯಾಣ ದಾಟಿದರೆ ಸಿಗುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲೇ ಇದರ ದೊಡ್ಡ ಅಧ್ಯಯನ ನಡೆದಿತ್ತು. 30ರಿಂದ 59 ವರ್ಷದ 1,31,000ಕ್ಕೂ ಹೆಚ್ಚು ಹೆಂಗಸರು. 2009ರಲ್ಲಿ ಫಲಿತಾಂಶ ಬಂತು: ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್‌ಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಜೋಳದ ಹೊಲದಲ್ಲಿ ದುಡಿಯುವ, ನಿಮ್ಮ ನಮ್ಮಂಥ ಮನೆಗಳ ಹೆಂಗಸರೇ ಅವರು.

ಪ್ರಶ್ನೆ: ನಮ್ಮ ತಾಂಡಾದಲ್ಲಿ ಬಿಳಿ ಮುಟ್ಟು, ಸೊಂಟನೋವು ಅಂತ ಹೋದರೆ ‘ಗರ್ಭಚೀಲ ತೆಗೆಸು, ಇಲ್ಲಾಂದ್ರೆ ಕ್ಯಾನ್ಸರ್ ಆಗ್ತದ’ ಅಂತಾರೆ. ನನಗೆ 34.
– ಚಿಂಚೋಳಿ ತಾಲ್ಲೂಕು

ತೆಗೆಸಬೇಡಿ, ಮೊದಲು ಪರೀಕ್ಷೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೇಡದ ಗರ್ಭಚೀಲ ಆಪರೇಷನ್‌ಗಳು 2015ರಲ್ಲಿ ದೊಡ್ಡ ಸುದ್ದಿಯಾಗಿದ್ದವು, ನಿಮಗೂ ನೆನಪಿರಬಹುದು. ಬಿಳಿ ಮುಟ್ಟಿಗೆ ಹೆಚ್ಚಾಗಿ ಸೋಂಕು ಕಾರಣ, ಗುಳಿಗೆಯಲ್ಲಿ ಹೋಗುತ್ತದೆ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುವ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬೆಳ್ಳಗಾದರೆ ಮುಂದಿನ ಪರೀಕ್ಷೆ. ಕ್ಯಾನ್ಸರ್‌ಗೆ ಮುಂಚಿನ ಹಂತವೇ ಸಿಕ್ಕರೂ ಆ ಭಾಗವನ್ನಷ್ಟೇ ಸುಟ್ಟು ಅಥವಾ ಕತ್ತರಿಸಿ ತೆಗೆದರೆ ಸಾಕಾಗುತ್ತದೆ. ಸಂಭೋಗದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ನಾರುವ ಸ್ರಾವ ಇದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಯಾರಾದರೂ ‘ಕ್ಯಾನ್ಸರ್’ ಅಂದರೆ ಬಯಾಪ್ಸಿ ರಿಪೋರ್ಟ್ ಕೇಳಿ. ಕಾಗದ ಇಲ್ಲದಿದ್ದರೆ ಆ ಮಾತು ಒಪ್ಪಬೇಡಿ.

ಪ್ರಶ್ನೆ: ಮಗಳಿಗೆ 12 ವರ್ಷ. ಲಸಿಕೆ ಈಗಲೇ ಹಾಕಿಸಬೇಕಾ? ಎಷ್ಟು ಡೋಸ್?
– ಬೀದರ್

ಹೌದು, ಇದೇ ಸರಿಯಾದ ವಯಸ್ಸು. ವೈರಸ್ ತಗಲುವ ಮುಂಚೆ ಹಾಕಿದರೆ ಕೆಲಸ ಜಾಸ್ತಿ. ಸೀರಂ ಸಂಸ್ಥೆಯ ಸರ್ವಾವ್ಯಾಕ್ ನಮ್ಮ ದೇಶದ್ದೇ ಲಸಿಕೆ. 9–14 ವರ್ಷಕ್ಕೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು ಅಂತ ಅದರ ಚೀಟಿಯಲ್ಲಿದೆ. ಒಂದೇ ಡೋಸ್ ಸಾಕಾಗಬಹುದು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದರ ಹಿಂದೆ ಭಾರತದ್ದೇ ಒಂದು ಅಧ್ಯಯನವೂ ಇದೆ. 2010ರಲ್ಲಿ ಸರ್ಕಾರ ಲಸಿಕೆಯ ಪ್ರಯೋಗಗಳನ್ನು ನಿಲ್ಲಿಸಿದಾಗ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಮುಂದೆ ವರ್ಷಗಟ್ಟಲೆ ಅವರನ್ನು ಗಮನಿಸಿದರೆ ಎರಡು ಮೂರು ಡೋಸ್ ಪಡೆದವರಷ್ಟೇ ರಕ್ಷಣೆ ಇತ್ತು. ಹಾಗಾಗಿ ಎರಡನೆಯದು ತಡವಾದರೆ ಗಾಬರಿ ಬೇಡ. ಹಾಕಿಸುವ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರದಿಂದ ಉಚಿತವಾಗಿ ಸಿಗುತ್ತಿದ್ದರೆ ದುಡ್ಡು ಉಳಿಯುತ್ತದೆ. ಲಸಿಕೆ ಹಾಕಿಸಿಕೊಂಡರೂ ಅವಳು 30ರ ನಂತರ ತಪಾಸಣೆ ಬಿಡುವಂತಿಲ್ಲ, ಲಸಿಕೆಯಲ್ಲಿ ಇಲ್ಲದ ಟೈಪ್‌ಗಳೂ ಇವೆ.